ಬಾಳೆಹೊನ್ನೂರಿಗೆ ಎಷ್ಟು ಅಕ್ಷರ?

ಐದಕ್ಷರದ ಊರಿನ ಹೆಸರು ಹುಡುಕು ಎಂದು ಸಾದಾ ಕಂಪ್ಯೂಟರ್ ಪ್ರೋಗ್ರಾಮಿಗೆ ಹೇಳಿದರೆ ಅದು ಕೊಪ್ಪವನ್ನು ಎತ್ತಿಕೊಡುತ್ತದೆ, ಬಾಳೆಹೊನ್ನೂರನ್ನು ಬಿಟ್ಟುಬಿಡುತ್ತದೆ. ಕಾಗುಣಿತ ಕಲಿತ ಯಾವ ಮಗುವೂ ಹೀಗೆ ಎಣಿಸುವುದಿಲ್ಲ. ಕೊಪ್ಪಕ್ಕೆ ಇರುವುದು ಎರಡೇ: ಕೊ, ಪ್ಪ. ಬಾಳೆಹೊನ್ನೂರಿಗೆ ಸರಿಯಾಗಿ ಐದು: ಬಾ, ಳೆ, ಹೊ, ನ್ನೂ, ರು. ಆದರೆ ಯಂತ್ರದ ಲೆಕ್ಕದಲ್ಲಿ ವ್ಯಂಜನ ಒಂದು, ಅದಕ್ಕೆ ಹತ್ತಿದ ಸ್ವರದ ಗುರುತು ಇನ್ನೊಂದು, ಒತ್ತು ಮೂಡಿಸುವ ಹಲಂತಚಿಹ್ನೆ ಮತ್ತೊಂದು. ಹಾಗೆ ಬಿಡಿಸಿದಾಗ ಕೊಪ್ಪ 5 ಸಂಕೇತ, ಶೃಂಗೇರಿ 7, ಬಾಳೆಹೊನ್ನೂರು 12. ತಮಾಷೆಯೆಂದರೆ, ಎಂಟಕ್ಷರದ ನರಸಿಂಹರಾಜಪುರವೂ 12ಕ್ಕೇ ಬಂದು ನಿಲ್ಲುತ್ತದೆ. ಐದನ್ನೂ ಎಂಟನ್ನೂ ಒಂದೇ ಮಾಡುವ ಅಳತೆಗೋಲು ಉದ್ದ ಅಳೆಯುವ ಕೆಲಸಕ್ಕೆ ಬಾರದು. ಇಷ್ಟು ಅಕ್ಷರದ, ಇಂಥ ಅಕ್ಷರವಿರುವ ಪದ ಬೇಕು ಎನ್ನುವ ಹುಡುಕಾಟಕ್ಕೆ ಕನ್ನಡದಲ್ಲಿ ಎರಡು ನಿಯಮ ಬೇಕು ಎಂಬುದು ನನ್ನ ವಾದ: ಉದ್ದವನ್ನು ಅಕ್ಷರದಿಂದ ಎಣಿಸಬೇಕು, ಒಳಗಿನ ಗುರುತನ್ನು ವ್ಯಂಜನದಿಂದ ಹಿಡಿಯಬೇಕು.

ಇದೇನೂ ಹೊಸ ಶೋಧವಲ್ಲ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ‘ಛಂದೋಂಬುಧಿ’ ಬರೆಯುವಾಗ ಈ ಎರಡೂ ನಿಯಮ ಕವಿಗಳ ಕೈಯಲ್ಲಿ ಪಳಗಿದ್ದವು. ಉತ್ಪಲಮಾಲೆಯ ಒಂದು ಪಾದಕ್ಕೆ 20 ಅಕ್ಷರ, ಚಂಪಕಮಾಲೆಗೆ 21. ಅಲ್ಲಿ ‘ನ್ನೂ’ ಎಂದೂ ಒಂದೇ. ಎರಡನೆಯ ನಿಯಮದ ಹೆಸರು ಆದಿಪ್ರಾಸ. ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಅದರ ಸ್ವರ ಬೇರೆಯಾದರೆ ಅಡ್ಡಿಯಿಲ್ಲ, ಆದರೆ ಮೊದಲ ಅಕ್ಷರದ ತೂಕ ಬದಲಾಗುವಂತಿಲ್ಲ. ಬಾಳೆಹೊನ್ನೂರನ್ನು ಪಾದದ ಮೊದಲಿಗಿಟ್ಟರೆ ಉಳಿದ ಪಾದಗಳಿಗೆ ತಾಳ, ಮೂಳೆ, ಹೋಳಿಗೆ, ಕಾಳಗ ಎಲ್ಲವೂ ಒಗ್ಗುತ್ತವೆ. ಮಳೆ, ಹೊಳೆ ಮಾತ್ರ ಒಗ್ಗವು, ಅವುಗಳ ಮೊದಲಕ್ಷರ ಹ್ರಸ್ವ. ಭದ್ರೆಯ ದಂಡೆಯ ಮಲೆನಾಡಿನ ಊರಿನ ಜೊತೆ ಮಳೆಯೂ ಹೊಳೆಯೂ ಪ್ರಾಸಕ್ಕೆ ಕೂರುವುದಿಲ್ಲವೆಂದರೆ ಛಂದಸ್ಸು ಎಷ್ಟು ಕಟ್ಟುನಿಟ್ಟೆಂದು ತಿಳಿಯಬಹುದು. ಇಷ್ಟು ಮಾತ್ರೆಯ, ಎರಡನೆಯ ಸ್ಥಾನದಲ್ಲಿ ಳಕಾರವಿರುವ ಪದ ಬೇಕೆಂದು ಕವಿ ತಲೆಯೊಳಗೆ ನಡೆಸಿದ ಹುಡುಕಾಟವನ್ನೇ ಇಂದು ನಾವು ತೆರೆಯ ಮೇಲೆ ನಡೆಸುತ್ತಿದ್ದೇವೆ.

ಪ್ರಾಸವನ್ನು ಕವಿಗಳೇ ಬಿಟ್ಟರಲ್ಲ ಎಂಬ ಆಕ್ಷೇಪ ಬರಬಹುದು. ನಿಜ, ಮಂಜೇಶ್ವರದ ಗೋವಿಂದ ಪೈ 1911ರಲ್ಲೇ ಅದನ್ನು ಕೈಬಿಟ್ಟರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಪ್ರಾಸದ ಹಂಗಿಲ್ಲದೆ ಮಹಾಕಾವ್ಯವನ್ನೇ ಕಟ್ಟಿದರು. ಆದರೆ ಅವರು ಬಿಟ್ಟದ್ದು ಪ್ರಾಸದ ಕಡ್ಡಾಯವನ್ನು. ಅಕ್ಷರ, ಮಾತ್ರೆಗಳ ಎಣಿಕೆ ಅವರ ಸಾಲುಗಳಲ್ಲೂ ಹಾಗೆಯೇ ಉಳಿಯಿತು.

ಪದಬಂಧದ ಚೌಕ ಈ ಎಣಿಕೆಗೆ ಇನ್ನೊಂದು ಸಾಕ್ಷಿ. ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇಂಥ ಆಟವನ್ನು ಮೊದಲು ಕೊಟ್ಟಾಗ ಒಂದು ಮನೆಗೆ ಒಂದು ಇಂಗ್ಲಿಷ್ ಅಕ್ಷರವಿತ್ತು. ಅದು ಕನ್ನಡಕ್ಕೆ ಬಂದಾಗ ನಮ್ಮ ಪದಬಂಧಕಾರರು ಯಾರನ್ನೂ ಕೇಳದೆ ಮನೆಗೊಂದು ಪೂರ್ಣಾಕ್ಷರ ಇಟ್ಟರು, ಗುಣಿತ ಒತ್ತು ಸಮೇತ. ಇದಕ್ಕೆ ಅವರು ತೆತ್ತ ಬೆಲೆಯೂ ಇದೆ. ಬಾಳೆಹೊನ್ನೂರನ್ನು ಅಡ್ಡಲಾಗಿ ಬರೆದು ‘ಳೆ’ಯ ಮೇಲೆ ಇನ್ನೊಂದು ಪದ ಹಾಯಿಸುವುದು ಸುಲಭ: ಕಳೆ, ಬೆಳೆ, ಇಳೆ, ಬೇಕಾದಷ್ಟಿವೆ. ‘ನ್ನೂ’ ಮೇಲೆ ಹಾಯಿಸಲು ಹೋದರೆ ಇನ್ನೂ, ಇನ್ನೂರು, ಮುನ್ನೂರು ಎನ್ನುವಷ್ಟರಲ್ಲಿ ಬತ್ತಳಿಕೆ ಬರಿದಾಗತೊಡಗುತ್ತದೆ.

ನಿಜವಾಗಿ ಗಟ್ಟಿಯಾದ ಆಕ್ಷೇಪ ಇಲ್ಲೇ ಹುಟ್ಟುತ್ತದೆ. ಇಂಗ್ಲಿಷಿಗೆ 26 ಅಕ್ಷರ. ನಮ್ಮ 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೇ 442 ರೂಪ, ಒತ್ತಕ್ಷರ ಇನ್ನೂ ಬೇರೆ. ಜಾಶ್ ವಾರ್ಡಲ್ 2021ರಲ್ಲಿ ಜನರ ಮುಂದಿಟ್ಟ ‘ವರ್ಡಲ್’ನಂಥ, ಊಹೆಯ ಸರಿತಪ್ಪನ್ನು ಬಣ್ಣದಿಂದ ತೋರಿಸುವ ಐದು ಮನೆಯ ಆಟದಲ್ಲಿ ‘ನ್ನೂ’ ಎಂದು ಯಾರು ಊಹಿಸಬೇಕು? ಹಾಗಾಗಿ ಬಿಡಿ ಸಂಕೇತಗಳನ್ನೇ ಎಣಿಸೋಣ ಎನ್ನುವವರಿದ್ದಾರೆ. ಅವರ ರೋಗಪರೀಕ್ಷೆ ಸರಿ, ಔಷಧ ತಪ್ಪು. ಊಹೆ ಕಷ್ಟವಾಯಿತೆಂದು ಅಕ್ಷರವನ್ನು ಒಡೆದರೆ ಬರೀ ಕೊಂಬು, ಬರೀ ಏತ್ವಕ್ಕೂ ಒಂದೊಂದು ಮನೆ ಕೊಡಬೇಕಾಗುತ್ತದೆ. ಓದುವವರ ಬಾಯಲ್ಲಿ ಅವು ಒಂಟಿಯಾಗಿ ಹೊರಡುವುದೇ ಇಲ್ಲ. ಪ್ರಾಸದ ನಿಯಮ ಇದಕ್ಕಿಂತ ಉದಾರಿ. ಮನೆ ಅಕ್ಷರಕ್ಕೇ ಇರಲಿ, ವ್ಯಂಜನ ಸರಿಯಾಗಿ ಸ್ವರ ತಪ್ಪಿದರೆ ಅದಕ್ಕೊಂದು ಬೇರೆ ಬಣ್ಣ ಇರಲಿ. ‘ನ’ ಎಂದವರಿಗೆ ‘ನ್ನೂ’ ಕಡೆಗೆ ಅರ್ಧ ದಾರಿ ತೋರಿದಂತಾಗುತ್ತದೆ.

ಯಂತ್ರಕ್ಕೆ ಇದು ಆಗದ ಕೆಲಸವೂ ಅಲ್ಲ. ಬಳಕೆದಾರ ಒಂದೆಂದು ಕಾಣುವ ಅಕ್ಷರಗುಚ್ಛವನ್ನು ಗುರುತಿಸುವ ನಿಯಮ ಯೂನಿಕೋಡ್‌ನಲ್ಲಿದೆ. 2023ರ 15.1ನೇ ಆವೃತ್ತಿ ಒತ್ತಕ್ಷರವನ್ನೂ ಒಡೆಯದೆ ಇಡುವ ಸೂತ್ರ ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಒತ್ತಿನ ವಿಷಯದಲ್ಲಿ ಅಣ್ಣತಮ್ಮಂದಿರಂತಿರುವ ತೆಲುಗು ಒಳಗೆ, ಕನ್ನಡ ಹೊರಗೆ. ಹೀಗಾಗಿ ಆ ನಿಯಮದಂತೆ ಎಣಿಸಿದರೂ ‘ನ್ನೂ’ ಎರಡು ತುಂಡಾಗಿ ಬಾಳೆಹೊನ್ನೂರು ಆರಕ್ಷರವಾಗುತ್ತದೆ. ಕನ್ನಡಕ್ಕೆ ಪದ ಹುಡುಕುವ ಸಾಧನ ಮಾಡುವವರು ಈ ಒಂದು ಜೋಡಣೆಯನ್ನು ತಾವೇ ಬರೆದುಕೊಳ್ಳಬೇಕು. ಕೆಲವೇ ಸಾಲುಗಳ ಕೆಲಸ.

ಹಳೆಯ ಶಾಸ್ತ್ರಕ್ಕೆ ಸುಲಭವಾಗಿ ಬಗ್ಗದ್ದು ಒಂದೇ, ಪದದ ಕೊನೆಯ ಅರೆವ್ಯಂಜನ. ಛಂದಸ್ಸಿಗೆ ‘ಬಸ್’ ಒಂದೇ ಗುರು, ಸಕಾರಕ್ಕೆ ಸ್ವಂತ ಲೆಕ್ಕವಿಲ್ಲ. ಚೌಕದಲ್ಲಿ ಬರೆಯುವಾಗ ‘ಸ್’ ಅನ್ನು ‘ಬ’ದ ಮನೆಯೊಳಗೇ ತುರುಕಿದರೆ ಕಣ್ಣು ಒಪ್ಪುವುದಿಲ್ಲ, ಅದಕ್ಕೆ ತನ್ನದೇ ಮನೆ ಕೊಡುವುದೇ ಸರಿಯೆನ್ನುತ್ತೇನೆ, ಇಲ್ಲಿ ಕಿವಿಗಿಂತ ಕಣ್ಣೇ ಓದುಗ. ಆ ಲೆಕ್ಕದಲ್ಲಿ ನರಸಿಂಹರಾಜಪುರವನ್ನು ಮೊಟಕುಮಾಡಿ ಜನ ಕರೆಯುವ ಎನ್.ಆರ್.ಪುರ, ಛಂದಸ್ಸಿಗೆ ನಾಲ್ಕಾದರೂ, ಪದಬಂಧದಲ್ಲಿ ಆರು ಮನೆ ಹಿಡಿಯುತ್ತದೆ.