ಸ್ಕ್ರೀನ್ ಕಪ್ಪಾದ ಮಾತ್ರಕ್ಕೆ ಲ್ಯಾಪ್‌ಟಾಪ್ ಸತ್ತಿಲ್ಲ

"ಅಣ್ಣಾ, ಲ್ಯಾಪ್‌ಟಾಪ್ ಹೋಯ್ತು ಕಣೋ."

ಭಾನುವಾರ ರಾತ್ರಿ ಹತ್ತು ಗಂಟೆಗೆ ಶಿವಮೊಗ್ಗದಿಂದ ತಂಗಿಯ ಫೋನ್. ದನಿಯಲ್ಲಿ ಆಗಲೇ ಅಳು. ಮಂಗಳವಾರ ಬೆಳಿಗ್ಗೆ ಅವಳು ಎಂ.ಟೆಕ್ ಪ್ರಾಜೆಕ್ಟ್ ವರದಿ ಕೊಡಬೇಕು. ನೂರಿಪ್ಪತ್ತು ಪುಟದ ವರದಿ ಇರುವುದು ಅದೊಂದೇ ಲ್ಯಾಪ್‌ಟಾಪ್‌ನಲ್ಲಿ. ಪೆನ್‌ಡ್ರೈವ್‌ನಲ್ಲಿರುವುದು ಎರಡು ತಿಂಗಳ ಹಿಂದಿನ ಪ್ರತಿ. ಸಂಜೆ ರಿಪೇರಿ ಅಂಗಡಿಗೆ ಒಯ್ದಿದ್ದಳಂತೆ. ಅಲ್ಲಿದ್ದವರು ಒಮ್ಮೆ ಆನ್ ಮಾಡಿ, ಕಪ್ಪು ಸ್ಕ್ರೀನ್ ನೋಡಿ, "ಮದರ್‌ಬೋರ್ಡ್ ಹೋಗಿದೆ. 14 ಸಾವಿರ ಆಗುತ್ತೆ. ಡೇಟಾ ಉಳಿಯುತ್ತೆ ಅಂತ ಹೇಳಕ್ಕಾಗಲ್ಲ" ಅಂದುಬಿಟ್ಟಿದ್ದರು. ಬಿಚ್ಚಿ ನೋಡಿರಲೂ ಇಲ್ಲ.

ನಾನು ರಿಪೇರಿ ಗೊತ್ತಿರುವವನಲ್ಲ, ಬೆಂಗಳೂರಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುವವನು. ಆದರೆ ನನ್ನದೇ ಎರಡು ಲ್ಯಾಪ್‌ಟಾಪ್ ಕೆಟ್ಟು, ದುಡ್ಡು ಕಳೆದುಕೊಂಡು ಸ್ವಲ್ಪ ಬುದ್ಧಿ ಬಂದಿದೆ. ಫೋನಿನಲ್ಲೇ ಕೇಳಿದೆ.

"ಆನ್ ಮಾಡಿದ್ರೆ ಫ್ಯಾನ್ ಸದ್ದು ಬರುತ್ತೇನೇ?"

"ಬರ್ತಿದೆ."

"ಎರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತು. ಅದರ ಪುಟ್ಟ ದೀಪ ಹತ್ತಿ ಆರುತ್ತಾ?"

"ಹೂಂ, ಆಗ್ತಿದೆ."

ಅಲ್ಲಿಗೆ ನನಗೆ ಅರ್ಧ ಸಮಾಧಾನ. ಕ್ಯಾಪ್ಸ್ ಲಾಕ್‌ಗೆ ಲ್ಯಾಪ್‌ಟಾಪ್ ಹೀಗೆ ಉತ್ತರ ಕೊಡುತ್ತಿದೆ ಅಂದರೆ ಒಳಗಿನ ಮಿದುಳು ಬಹುಶಃ ಎಚ್ಚರವಾಗಿಯೇ ಇದೆ. ನಮಗೆ ಕಾಣುತ್ತಿಲ್ಲ, ಅಷ್ಟೆ.

ಮಿದುಳು, ಅಂದರೆ ಬೋರ್ಡು, ಮೆಮೊರಿ, ನಮ್ಮ ಫೈಲುಗಳಿರುವ ಡಿಸ್ಕು, ಎಲ್ಲ ಇರುವುದು ಕೀಬೋರ್ಡಿನ ಕೆಳಗೆ. ಮೇಲಿನ ಸ್ಕ್ರೀನು ಬರೀ ಕಿಟಕಿ. ಎರಡನ್ನೂ ಸೇರಿಸುವ ತೆಳುವಾದ ಕೇಬಲ್ ಹಿಂಜಿನ ಮೂಲಕ ಹಾದುಹೋಗುತ್ತದೆ. ದಿನಕ್ಕೆ ಹತ್ತು ಸಲ ಮುಚ್ಚಿ ತೆಗೆದರೆ ಹತ್ತು ಸಲವೂ ಆ ಕೇಬಲ್ ಮಡಚಿ ಬಿಚ್ಚಿಕೊಳ್ಳುತ್ತದೆ. ಇನ್ನು ಸ್ಕ್ರೀನಿನೊಳಗೂ ಎರಡು ಪದರ: ಮುಂದೆ ಚಿತ್ರ ಮೂಡಿಸುವ ಎಲ್‌ಸಿಡಿ, ಅದರ ಹಿಂದೆ ಬೆಳಕು ಕೊಡುವ ಬ್ಯಾಕ್‌ಲೈಟ್. ಬ್ಯಾಕ್‌ಲೈಟ್ ಒಂದೇ ಹೋದರೂ ಚಿತ್ರ ಅಲ್ಲೇ ಇರುತ್ತದೆ, ಕತ್ತಲಲ್ಲಿ.

ಇದನ್ನು ಕಂಡುಹಿಡಿಯಲು ಬೇಕಾದ್ದು ಮೊಬೈಲ್ ಟಾರ್ಚ್ ಮಾತ್ರ. ರೂಮಿನ ಲೈಟ್ ಆರಿಸಿ, ಲ್ಯಾಪ್‌ಟಾಪ್ ಆನ್ ಮಾಡಿ, ಟಾರ್ಚನ್ನು ಸ್ಕ್ರೀನಿಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ. ಮಸುಕಾಗಿ ಗಡಿಯಾರವೋ ಐಕಾನೋ ಕಂಡರೆ ಕೆಟ್ಟಿರುವುದು ಬೆಳಕಿನ ದಾರಿ ಎಂದರ್ಥ. ಮೊದಲು ಬ್ರೈಟ್‌ನೆಸ್ ಕೀ ಒತ್ತಿ ನೋಡಿಬಿಡಿ. ಅದು ತೀರಾ ಕೆಳಗಿಳಿದಿದ್ದರೂ ಹೀಗೇ ಕಾಣಬಹುದು, ನಾಚಿಕೆಪಡಬೇಕಿಲ್ಲ. ಓಎಲ್ಇಡಿ ಸ್ಕ್ರೀನಿಗೆ ಈ ಪರೀಕ್ಷೆ ನಡೆಯಲ್ಲ, ಅದರಲ್ಲಿ ಬ್ಯಾಕ್‌ಲೈಟೇ ಇರುವುದಿಲ್ಲ.

ತಂಗಿ ಟಾರ್ಚ್ ಬಿಟ್ಟಳು. ಒಂದು ನಿಮಿಷ ಮಾತಿಲ್ಲ. ಆಮೇಲೆ, "ಅಣ್ಣಾ, ನನ್ನ ವಾಲ್‌ಪೇಪರ್ ಕಾಣ್ತಿದೆ!"

ಮುಂದಿನ ಹೆಜ್ಜೆ ಟಿವಿ. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲ್ ಕಿತ್ತು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಸಾಮಾನ್ಯವಾಗಿ ತಾನಾಗೇ ಚಿತ್ರ ಬರುತ್ತದೆ. ಬರದಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ, ಕೆಳಗಿನ ಬಾಣ ಒಮ್ಮೆ, ಆಮೇಲೆ ಎಂಟರ್. ಧಾರಾವಾಹಿಯ ನಡುವೆ ಟಿವಿ ಕಿತ್ತುಕೊಂಡಿದ್ದಕ್ಕೆ ಅಮ್ಮ ಬೈಯುತ್ತಿದ್ದುದು ನನಗೂ ಕೇಳಿಸಿತು. ಮರುಕ್ಷಣ ಹಾಲಿನ 43 ಇಂಚಿನ ಟಿವಿಯಲ್ಲಿ ವರದಿಯ ಮೊದಲ ಪುಟ. ಬೋರ್ಡು ಹೋಗಿದ್ದರೆ ಅಷ್ಟು ಚೆಂದದ ಚಿತ್ರ ಎಲ್ಲಿಂದ ಬರಬೇಕು? ಮೊದಲು ವರದಿಯನ್ನು ತನಗೇ ಮೇಲ್ ಮಾಡಿಕೋ ಅಂದೆ. ಉಳಿದದ್ದು ಆಮೇಲೆ.

ಟಿವಿಯಲ್ಲೂ ಏನೂ ಬರದಿದ್ದರೆ? ಆಗಲೂ ಕೈಚೆಲ್ಲಬೇಡಿ. ಚಾರ್ಜರ್, ಮೌಸ್, ಪೆನ್‌ಡ್ರೈವ್ ಎಲ್ಲ ತೆಗೆದು ಪವರ್ ಬಟನ್ನನ್ನು ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬಿಟ್ಟು, ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಒಳಗೆ ಉಳಿದ ಕರೆಂಟ್ ಇಳಿದು ಎಷ್ಟೋ ಲ್ಯಾಪ್‌ಟಾಪ್ ಇಷ್ಟಕ್ಕೇ ಎದ್ದು ಕೂರುತ್ತವೆ. ಬೀಪ್ ಸದ್ದು ಬಂದರೆ, ದೀಪ ಒಂದೇ ಲೆಕ್ಕದಲ್ಲಿ ಮಿನುಗಿದರೆ ಎಷ್ಟು ಸಲ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಯಾವ ಭಾಗ ತೊಂದರೆಯಲ್ಲಿದೆ ಅನ್ನುವ ಸಂಕೇತ ಅದು, ಕಂಪನಿಯ ವೆಬ್‌ಸೈಟಿನಲ್ಲಿ ಅರ್ಥ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಸಡಿಲವಾಗಿಯೂ ಹೀಗಾಗುತ್ತದೆ, ತೆಗೆದು ಮತ್ತೆ ಕೂರಿಸಿದರೆ ಮುಗಿಯಿತು. ಹೊಸ ತೆಳು ಮಾಡೆಲ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುವುದುಂಟು, ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ವಿಚಾರಿಸಿ. ಒಂದು ಮಾತ್ರ ಗಂಭೀರವಾಗಿ ಹೇಳ್ತೀನಿ: ಟಚ್‌ಪ್ಯಾಡ್ ಉಬ್ಬಿದ್ದರೆ, ತಳ ಮೇಜಿನ ಮೇಲೆ ಸಮವಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಆಗ ಯಾವ ಪ್ರಯೋಗವೂ ಬೇಡ. ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಒತ್ತದೆ ಬಿಡಿ, ತಿಳಿದವರ ಕೈಗೆ ಕೊಡಿ.

ಪಾಸ್‌ವರ್ಡ್ ಹಾಕಿದ ಮೇಲೆ ಕಪ್ಪು ಸ್ಕ್ರೀನು, ಅದರ ಮೇಲೆ ಬಾಣದ ಗುರುತು ಮಾತ್ರ ಓಡಾಡುತ್ತಿದ್ದರೆ ಅದು ಸಾಫ್ಟ್‌ವೇರ್ ಕಥೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಆಗಲಿಲ್ಲವೇ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಹೊಸ ಟಾಸ್ಕ್ ರನ್ ಮಾಡುವ ಕಡೆ ಎಕ್ಸ್‌ಪ್ಲೋರರ್ ಅಂತ ಟೈಪ್ ಮಾಡಿ.

ವೋಲ್ಟೇಜ್ ಕಮ್ಮಿಯಾದಾಗ ಟ್ಯೂಬ್‌ಲೈಟ್ ಪಕಪಕ ಅನ್ನುವ ಹಾಗೆ ಸ್ಕ್ರೀನ್ ಮಿನುಗುವುದು ಇನ್ನೊಂದು ತರಲೆ. ಸ್ಕ್ರೀನನ್ನು ಮೆಲ್ಲಗೆ ಹಿಂದೆ ಮುಂದೆ ಬಾಗಿಸಿ. ಒಂದು ಕೋನದಲ್ಲಿ ಸರಿಯಾಗಿ, ಇನ್ನೊಂದರಲ್ಲಿ ಮಿನುಗಿದರೆ ಹಿಂಜಿನ ಕೇಬಲ್ ಮೇಲೆ ಅನುಮಾನ. ಬಾಗಿಸಿದರೂ ವ್ಯತ್ಯಾಸವಿಲ್ಲದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಬೇರೆಲ್ಲ ಮಿನುಗಿ ಅದೊಂದು ನಿಂತಿದ್ದರೆ ಯಾವುದೋ ಆ್ಯಪ್‌ನ ಕಿತಾಪತಿ, ಇತ್ತೀಚೆಗೆ ಹಾಕಿದ್ದನ್ನು ತೆಗೆಯಿರಿ. ಅದೂ ಮಿನುಗಿದರೆ ಡಿಸ್‌ಪ್ಲೇ ಡ್ರೈವರ್. ವಿಂಡೋಸ್ ಶುರುವಾಗುವ ಮುಂಚಿನ ಬಯಾಸ್ ಪುಟದಲ್ಲೂ ಮಿನುಗುತ್ತಿದ್ದರೆ ಡ್ರೈವರ್ ಹಾಕಿ ತೆಗೆದು ಸಮಯ ಹಾಳು ಮಾಡಬೇಡಿ, ತೊಂದರೆ ಹಾರ್ಡ್‌ವೇರ್‌ನದು. ಚಾರ್ಜರ್ ತೆಗೆದಾಗ ಮಾತ್ರ ಬೆಳಕು ಏರಿಳಿದರೆ ಅದು ಬಹುತೇಕ ಬ್ಯಾಟರಿ ಉಳಿಸುವ ಸೆಟ್ಟಿಂಗ್, ರೋಗವಲ್ಲ.

ನನ್ನ ಸಹೋದ್ಯೋಗಿಯೊಬ್ಬರ ಸ್ಕ್ರೀನ್ ವಾರಗಟ್ಟಲೆ ಮಧ್ಯೆ ಮಧ್ಯೆ ಆರಿಹೋಗುತ್ತಿತ್ತು. ಕೊನೆಗೆ ಸಿಕ್ಕ ಅಪರಾಧಿ ಅವರ ವಾಚಿನ ಪಟ್ಟಿಯ ಅಯಸ್ಕಾಂತ! ಮುಚ್ಚಳ ಮುಚ್ಚಿದೆಯೋ ಇಲ್ಲವೋ ಅಂತ ಎಷ್ಟೋ ಲ್ಯಾಪ್‌ಟಾಪ್‌ಗಳು ತಿಳಿಯುವುದು ಅಯಸ್ಕಾಂತದಿಂದಲೇ. ಕೈ ಅಲ್ಲಿಟ್ಟಾಗೆಲ್ಲ ಅದು ಮುಚ್ಚಿತು ಅಂದುಕೊಂಡು ಮಲಗುತ್ತಿತ್ತು.

ಅಂಗಡಿಗೆ ಹೋಗಲೇಬೇಕಾದರೆ ಟಿವಿಗೆ ಹಾಕಿ ಫೈಲುಗಳನ್ನು ಬೇರೆ ಕಡೆ ಉಳಿಸಿಕೊಂಡು ಹೋಗಿ. ಬಿಟ್‌ಲಾಕರ್ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇದೆಯೇ ಅಂತಲೂ ನೋಡಿಕೊಳ್ಳಿ. ಬೋರ್ಡ್ ಬದಲಾದರೆ ಲ್ಯಾಪ್‌ಟಾಪ್ ಆ 48 ಅಂಕಿ ಕೇಳಬಹುದು, ಇಲ್ಲದಿದ್ದರೆ ಡಿಸ್ಕ್ ಸರಿ ಇದ್ದರೂ ಫೈಲು ಸಿಗಲ್ಲ. "ಕೆಟ್ಟೋಗಿದೆ, ನೋಡಿ" ಅನ್ನುವ ಬದಲು "ಟಿವಿಯಲ್ಲಿ ಚಿತ್ರ ಬರುತ್ತೆ, ಇದರಲ್ಲಿ ಬ್ಯಾಕ್‌ಲೈಟ್ ಇಲ್ಲ, ಕೇಬಲ್ಲೋ ಪ್ಯಾನೆಲ್ಲೋ ನೋಡಿ" ಅನ್ನಿ. ಮಾತಿನ ಧಾಟಿಯೇ ಬದಲಾಗುತ್ತೆ. ಪ್ಯಾನೆಲ್ ಬದಲಿಸುವುದಾದರೆ ಹಳೆಯದರ ಹಿಂದಿನ ಸ್ಟಿಕರ್‌ನ ನಂಬರ್ ಫೋಟೊ ತೆಗೆದುಕೊಳ್ಳಿ. ಒಂದೇ ಅಳತೆಯ ಪ್ಯಾನೆಲ್‌ಗಳಲ್ಲೂ 30 ಪಿನ್, 40 ಪಿನ್ ಅಂತ ಬೇರೆ ಬೇರೆ ಇರುತ್ತವೆ. ತೆಗೆದ ಭಾಗವನ್ನು ವಾಪಸ್ ಕೇಳಿ. ಸ್ಕ್ರೀನ್ ರಿಪೇರಿಗೆ ಫಾರ್ಮ್ಯಾಟ್ ಯಾಕೆ ಬೇಕು ಅಂತಲೂ ಕೇಳಿ.

ತಂಗಿ ಸೋಮವಾರವಿಡೀ ಟಿವಿ ಮುಂದೆ ಕೂತು ವರದಿ ಮುಗಿಸಿ, ಮಂಗಳವಾರ ಕೊಟ್ಟು ಬಂದಳು. ಆ ವಾರವೇ ಬೇರೆ ಅಂಗಡಿಯಲ್ಲಿ ಹಿಂಜಿನ ಕೇಬಲ್ ಬದಲಿಸಿದರು. ಖರ್ಚು 1,900 ರೂಪಾಯಿ. ಕವಚ ಸವೆದ ಹಳೆಯ ಕೇಬಲ್ಲನ್ನು ಕೇಳಿ ತಂದಿದ್ದಾಳೆ. ಅಮ್ಮನಿಗೆ ಮಾತ್ರ ಸೋಮವಾರದ ಎಪಿಸೋಡಿನಲ್ಲಿ ಏನಾಯ್ತು ಅನ್ನುವುದು ಇನ್ನೂ ಗೊತ್ತಾಗಿಲ್ಲವಂತೆ.