ಸ್ಪೀಕರ್ ತಂತಿ: ದಪ್ಪದ ಲೆಕ್ಕ, ಜೋಡಣೆಯ ಜಾಗ್ರತೆ

1983ರ ಆಗಸ್ಟ್‌ನಲ್ಲಿ ಅಮೆರಿಕದ 'ಸ್ಟೀರಿಯೊ ರಿವ್ಯೂ' ಪತ್ರಿಕೆ ಲಾರೆನ್ಸ್ ಗ್ರೀನ್‌ಹಿಲ್ ನಡೆಸಿದ ಪರೀಕ್ಷೆಯೊಂದನ್ನು ಪ್ರಕಟಿಸಿತು. ಆಗ ಹೆಸರು ಮಾಡುತ್ತಿದ್ದ ದುಬಾರಿ ಮಾನ್‌ಸ್ಟರ್ ಕೇಬಲ್, ಟೇಬಲ್ ಲ್ಯಾಂಪಿಗೆ ಹಾಕುವ 16 ಗೇಜಿನ ಸಾದಾ ವೈರು, ತೀರಾ ತೆಳುವಾದ 24 ಗೇಜಿನ ತಂತಿ, ಈ ಮೂರನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಲಾಯಿತು. ಪರೀಕ್ಷೆಗೆಂದು ಬಳಸಿದ ಭೋರ್ಗರೆವ ಸದ್ದಿನಲ್ಲಿ ತೆಳು ತಂತಿಯನ್ನು ಕೇಳುಗರು ಹಿಡಿದುಬಿಟ್ಟರು. ಸಂಗೀತ ಕೇಳಿಸಿದಾಗ ಮಾತ್ರ ದುಬಾರಿ ಕೇಬಲ್ಲನ್ನೂ ಲ್ಯಾಂಪಿನ ವೈರನ್ನೂ ಬೇರೆಬೇರೆಯೆಂದು ಖಚಿತವಾಗಿ ಗುರುತಿಸಲು ಅವರಿಗೆ ಆಗಲಿಲ್ಲ.

ತೆಳು ತಂತಿ ಸಿಕ್ಕಿಬಿದ್ದ ಕಾರಣ ಸರಳ. 230 ವೋಲ್ಟಿನ 100 ವಾಟ್ ಬಲ್ಬು ಅರ್ಧ ಆಂಪಿಯರನ್ನೂ ಎಳೆಯುವುದಿಲ್ಲ. 8 ಓಮ್‌ನ ಸ್ಪೀಕರ್ 50 ವಾಟ್ ಪಡೆಯುವಾಗ ತಂತಿಯಲ್ಲಿ ಎರಡೂವರೆ ಆಂಪಿಯರ್ ಹರಿಯುತ್ತದೆ. ಸ್ಪೀಕರಿನ ರೋಧವೇ ಇಷ್ಟು ಕಡಿಮೆಯಿರುವಾಗ ತಂತಿಯ ಅಲ್ಪಸ್ವಲ್ಪ ರೋಧವೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ತೊಡಕೂ ಇದೆ: ಆ 8 ಓಮ್ ಹೆಸರಿಗಷ್ಟೇ. ಸ್ವರದ ಕಂಪನಾಂಕ ಬದಲಾದಂತೆ ಸ್ಪೀಕರಿನ ರೋಧ ಏರಿಳಿಯುತ್ತದೆ. ಅದು ಇಳಿದಲ್ಲೆಲ್ಲ ತೆಳು ತಂತಿ ಹೆಚ್ಚು ನುಂಗುತ್ತದೆ. ಹೀಗಾಗಿ ಸದ್ದು ತಗ್ಗುವುದರ ಜೊತೆಗೆ ನಾದದ ಬಣ್ಣವೂ ತುಸು ಕದಲುತ್ತದೆ.

ತಂತಿಯ ರೋಧ ಸ್ಪೀಕರಿನ ರೋಧದ ಶೇ. 5 ಮೀರಬಾರದು ಎಂಬುದು ರೂಢಿಯ ನಿಯಮ. ಸ್ಪೀಕರ್ 5 ಮೀಟರ್ ದೂರದಲ್ಲಿದ್ದರೆ ವಿದ್ಯುತ್ತು ಹೋಗಿಬರುವ ದಾರಿ 10 ಮೀಟರ್. 0.5 ಚದರ ಮಿ.ಮೀ. ತಾಮ್ರದಲ್ಲಿ ಅದರ ರೋಧ ಸುಮಾರು 0.34 ಓಮ್, 8 ಓಮ್ ಸ್ಪೀಕರಿಗೆ ಹೇಗೋ ನಡೆದೀತು, 4 ಓಮ್‌ನದಕ್ಕೆ ನಡೆಯದು. 2.5 ಚದರ ಮಿ.ಮೀ. ಆದರೆ 0.07 ಓಮ್ ಮಾತ್ರ. ಸಾಮಾನ್ಯ ಕೋಣೆಗೆ ಅದಕ್ಕಿಂತ ದಪ್ಪನೆಯದು ಬೇಕಿಲ್ಲ.

ದಪ್ಪದಷ್ಟೇ ಲೋಹವನ್ನೂ ನೋಡಿ ಕೊಳ್ಳಬೇಕು. ಅಗ್ಗದ ವೈರುಗಳಲ್ಲಿ ಎಷ್ಟೋ ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅದರ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗಿನ ಬಿಳಿ ಬಣ್ಣ ಬಯಲಾಗುತ್ತದೆ. ಎರಡೂ ಬದಿಯ ತಂತಿ ಒಂದೇ ಉದ್ದ ಇರಲೇಬೇಕೆಂಬ ಚಿಂತೆ ಬೇಡ: ನಾಲ್ಕು ಮೀಟರ್ ಹೆಚ್ಚಿನ ತಂತಿಯಲ್ಲಿ ಆಗುವ ತಡ ಸೆಕೆಂಡಿನ ಐದು ಕೋಟಿಯಲ್ಲೊಂದು ಪಾಲಿನ ಆಸುಪಾಸು, ಕಿವಿಗೆ ಅದು ಏನೇನೂ ಅಲ್ಲ.

ನಿಜವಾದ ಅಪಾಯ ತಂತಿಯ ತುದಿಯಲ್ಲಿದೆ. ಆಂಪ್ಲಿಫೈಯರ್ ಆಫ್ ಮಾಡಿ, ಒಂದು ಸೆಂಟಿಮೀಟರಿನಷ್ಟು ಹೊದಿಕೆ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆಯಬೇಕು. ಚಾಚಿಕೊಂಡ ಒಂದೇ ಎಳೆ ಪಕ್ಕದ ಟರ್ಮಿನಲ್ ಮುಟ್ಟಿದರೂ ಶಾರ್ಟ್ ಆಗಿ ಆಂಪ್ಲಿಫೈಯರ್ ಸುಟ್ಟೀತು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಬೇಕು. ವೈರಿನ ಒಂದು ಬದಿಗಿರುವ ಗೆರೆ ಇದಕ್ಕೇ. ಒಂದು ಸ್ಪೀಕರ್ ಮಾತ್ರ ತಿರುಗುಮುರುಗಾದರೆ ಒಂದರ ಕೋನ್ ಮುಂದೆ ಬಂದಾಗ ಇನ್ನೊಂದರದು ಹಿಂದೆ ಸರಿಯುತ್ತದೆ. ಆಗ ಮೃದಂಗದ ಎಡಭಾಗದ ಗುಂಕು ಸೊರಗುತ್ತದೆ, ಗಾಯಕರ ದನಿ ನಡುವೆ ನಿಲ್ಲದೆ ಚದುರುತ್ತದೆ. ಅನುಮಾನವಿದ್ದರೆ ತಂತಿಯನ್ನು ಆಂಪ್ಲಿಫೈಯರಿನಿಂದ ಬಿಡಿಸಿ ಆ ತುದಿಗೆ 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ತಾಗಿಸಬೇಕು. ಸೆಲ್ಲಿನ ಪ್ಲಸ್, ಸ್ಪೀಕರಿನ ಕೆಂಪು ಟರ್ಮಿನಲ್ಲಿಗೆ ಹೋಗುವ ತಂತಿಗೆ ತಗುಲಿದ್ದರೆ ವೂಫರಿನ ಕೋನ್ ಹೊರಕ್ಕೆ ಚಿಮ್ಮುತ್ತದೆ.