ಕಪ್ಪು-ಬಿಳುಪು ಡಿಜಿಟಲ್ ಮುದ್ರಣದ ಮಾಪನ ಉಪಕರಣಗಳು

ಇಂಕ್‌ಜೆಟ್ ಮುದ್ರಕವು ಕಾಗದದ ಮೇಲೆ ಮೂಡಿಸುವ ಬೂದು ಛಾಯೆಗಳನ್ನು ಅಳೆದು ಸಂಖ್ಯೆಗಳಲ್ಲಿ ತಿಳಿಸುವ ಸಾಧನಗಳನ್ನು ಕಪ್ಪು-ಬಿಳುಪು ಡಿಜಿಟಲ್ ಮುದ್ರಣದ ಮಾಪನ ಉಪಕರಣಗಳು ಎನ್ನುತ್ತಾರೆ. ಇವುಗಳಲ್ಲಿ ಡೆನ್ಸಿಟೋಮೀಟರ್ ಮತ್ತು ಸ್ಪೆಕ್ಟ್ರೋಫೋಟೋಮೀಟರ್ ಪ್ರಮುಖವಾದವು.

ಅಗತ್ಯ

ಶಾಯಿಯ ಪ್ರಮಾಣವನ್ನು ಎರಡರಷ್ಟು ಮಾಡಿದರೆ ಛಾಯೆಯ ಗಾಢತೆಯೂ ಎರಡರಷ್ಟಾಗುವುದಿಲ್ಲ. ಹನಿಗಳು ಕಾಗದದಲ್ಲಿ ಹರಡಿಕೊಳ್ಳುತ್ತವೆ. ಒಂದು ಮಿತಿಯ ನಂತರ ಎಷ್ಟು ಶಾಯಿ ಸುರಿದರೂ ಕಪ್ಪು ಹೆಚ್ಚುವುದಿಲ್ಲ. ಇದರಿಂದ ಚಿತ್ರದ ನೆರಳಿನ ಭಾಗದ ವಿವರಗಳು ಒಂದರಲ್ಲೊಂದು ಬೆರೆತು ಅಳಿಸಿಹೋಗುತ್ತವೆ. ಕಣ್ಣು ಸುತ್ತಲಿನ ಬೆಳಕಿಗೂ ಪಕ್ಕದ ಛಾಯೆಗೂ ಹೊಂದಿಕೊಳ್ಳುವುದರಿಂದ ಈ ದೋಷವನ್ನು ಕೇವಲ ನೋಟದಿಂದ ಅಳೆಯಲಾಗದು.

ಡೆನ್ಸಿಟೋಮೀಟರ್

ಈ ಉಪಕರಣವು ಸಾಮಾನ್ಯವಾಗಿ 45 ಡಿಗ್ರಿ ಕೋನದಲ್ಲಿ ಬೆಳಕು ಬೀರಿ, ಲಂಬವಾಗಿ ಹಿಂದಿರುಗುವ ಬೆಳಕನ್ನು ಅಳೆಯುತ್ತದೆ. ಪ್ರತಿಫಲನಾಂಶದ ವಿಲೋಮದ ಲಘುಗಣಕವೇ ಸಾಂದ್ರತೆ. ಶೇ. 10ರಷ್ಟು ಬೆಳಕು ಪ್ರತಿಫಲಿಸಿದರೆ ಸಾಂದ್ರತೆ 1.0, ಶೇ. 1ರಷ್ಟಾದರೆ 2.0. ಹೊಳಪಿನ ಕಾಗದದ ಗರಿಷ್ಠ ಕಪ್ಪು 2.0ನ್ನು ಮೀರಬಲ್ಲದು, ಹೊಳಪಿಲ್ಲದ ಕಾಗದದಲ್ಲಿ ಅದು ಬಹುಮಟ್ಟಿಗೆ 1.6ರ ಆಸುಪಾಸಿನಲ್ಲಿರುತ್ತದೆ. ಛಾಯೆ ಎಷ್ಟು ಗಾಢವೆಂಬುದನ್ನು ಡೆನ್ಸಿಟೋಮೀಟರ್ ತಿಳಿಸುತ್ತದೆಯೇ ಹೊರತು, ಅದರ ಬಣ್ಣದ ಪೂರ್ಣ ವಿವರಣೆಯನ್ನು ನೀಡುವುದಿಲ್ಲ.

ಸ್ಪೆಕ್ಟ್ರೋಫೋಟೋಮೀಟರ್

ಇದು ಪ್ರತಿಫಲಿತ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಅಳೆಯುತ್ತದೆ. ಫಲಿತಾಂಶವನ್ನು ಸಾಮಾನ್ಯವಾಗಿ 1976ರ ಸಿಐಇ ಲ್ಯಾಬ್ ಮಾನದಲ್ಲಿ ಸೂಚಿಸುತ್ತಾರೆ. ಇದರ ಮೊದಲ ಅಂಕಿ 0ಯಿಂದ 100ರವರೆಗಿನ ಹೊಳಪನ್ನೂ ಉಳಿದೆರಡು ವರ್ಣದ ಒಲವನ್ನೂ ತೋರಿಸುತ್ತವೆ. ಬೂದುಬಣ್ಣವು ಹಸಿರಿನತ್ತ ಅಥವಾ ನಸುಗೆಂಪಿನತ್ತ ವಾಲಿದ್ದರೆ ಅದು ಇಲ್ಲಿ ಪತ್ತೆಯಾಗುತ್ತದೆ.

ಬಳಕೆಯ ಕ್ರಮ

ಬಿಳಿಯಿಂದ ಕಪ್ಪಿನವರೆಗೆ ಸಮಾನ ಅಂತರದ ಮಟ್ಟಗಳುಳ್ಳ ಪಟ್ಟಿಯೊಂದನ್ನು ಮೊದಲು ಮುದ್ರಿಸಲಾಗುತ್ತದೆ. 21 ಮಟ್ಟಗಳ ಪಟ್ಟಿ ರೂಢಿಯಲ್ಲಿದೆ. ಶಾಯಿ ಪೂರ್ಣವಾಗಿ ಒಣಗಿದ ಬಳಿಕ, ಉಪಕರಣವನ್ನು ಅದರ ಬಿಳಿ ಫಲಕದ ಮೇಲಿಟ್ಟು ಸರಿಹೊಂದಿಸಿಕೊಂಡು, ಪ್ರತಿ ಮಟ್ಟವನ್ನೂ ಅಳೆಯಲಾಗುತ್ತದೆ. ಉದ್ದೇಶಿತ ಮತ್ತು ದೊರೆತ ಮೌಲ್ಯಗಳ ವ್ಯತ್ಯಾಸದಿಂದ ತಂತ್ರಾಂಶವು ತಿದ್ದುಪಡಿ ರೇಖೆಯನ್ನು ರಚಿಸುತ್ತದೆ. ಕ್ವಾಡ್‌ಟೋನ್‌ರಿಪ್ ಇಂತಹ ತಂತ್ರಾಂಶಗಳಲ್ಲೊಂದು. ತಿದ್ದಿದ ನಂತರ ಪಟ್ಟಿಯನ್ನು ಮತ್ತೆ ಮುದ್ರಿಸಿ ಪರೀಕ್ಷಿಸಬೇಕು.

ಮಿತಿಗಳು

ಒಂದು ಕಾಗದ ಮತ್ತು ಶಾಯಿಯ ಜೋಡಿಗೆ ಸಿದ್ಧಪಡಿಸಿದ ರೇಖೆ ಮತ್ತೊಂದಕ್ಕೆ ಹೊಂದುವುದಿಲ್ಲ. ಕಾಗದದ ಬಿಳುಪು ಹೆಚ್ಚಿಸಲು ಬೆರೆಸುವ ಪ್ರದೀಪಕ ದ್ರವ್ಯಗಳು ನೇರಳಾತೀತ ಕಿರಣಕ್ಕೆ ನೀಲಿಯಾಗಿ ಬೆಳಗುವುದರಿಂದ, ಅಳತೆಯು ಉಪಕರಣದ ದೀಪವನ್ನೂ ಅವಲಂಬಿಸುತ್ತದೆ. ಆದ್ದರಿಂದ ಹೋಲಿಸಬೇಕಾದ ಅಳತೆಗಳನ್ನು ಒಂದೇ ಉಪಕರಣದಿಂದ, ಒಂದೇ ವಿಧಾನದಲ್ಲಿ ತೆಗೆದುಕೊಳ್ಳುವುದು ಸೂಕ್ತ.